ಅಮ್ಮನ ಮುಂಗೈ

ಸಂಜೆ ಅಮ್ಮ ನೆನೆಸಿದ ಅವರೆಕಾಳು ಹಿತುಕುತ್ತಾ ಕುಳಿತಿದ್ದಳು. ನನ್ನ ಕಣ್ಣು ಮಾತ್ರ ಅವಳ ಮುಂಗೈಯಲ್ಲಿ ಉಬ್ಬಿದ ನೀಲಿ ನರದ ಮೇಲೆ. ನಾವು ನರ ಎನ್ನುತ್ತೇವೆ, ಅದು ಅಭಿಧಮನಿ, ರಕ್ತವನ್ನು ಹೃದಯಕ್ಕೆ ಮರಳಿ ಒಯ್ಯುವ ನಾಳ.

"ಒಂದು ನಿಮಿಷ ಕೈ ಕೊಡಮ್ಮ" ಎಂದೆ.

ಮಣಿಕಟ್ಟಿನ ಹತ್ತಿರ ಒಂದು ಬೆರಳಿನಿಂದ ಒತ್ತಿ ಹಿಡಿದು, ಇನ್ನೊಂದರಿಂದ ಮೊಣಕೈ ಕಡೆಗೆ ಮೆಲ್ಲಗೆ ಸವರಿದೆ. ನೀಲಿ ಗೆರೆ ಮಾಯವಾಯಿತು. ಸವರಿದ ಬೆರಳನ್ನು ತೆಗೆದರೂ ರಕ್ತ ಹಿಂದಕ್ಕೆ ಇಳಿಯಲಿಲ್ಲ. ಒತ್ತಿದ್ದ ಬೆರಳನ್ನು ಎತ್ತಿದೆ, ಗೆರೆ ತಟ್ಟನೆ ತುಂಬಿಕೊಂಡಿತು!

ಒಳಗೆ ಪುಟ್ಟ ಕವಾಟಗಳಿವೆ. ಹೃದಯದ ಕಡೆಗೆ ಮಾತ್ರ ದಾರಿ ಬಿಡುತ್ತವೆ.

ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ 1628ರಲ್ಲಿ ರಕ್ತ ಸುತ್ತಿ ಬರುತ್ತದೆ ಎಂದು ಸಾರಿದಾಗ ಮುಂದಿಟ್ಟ ಸಾಕ್ಷಿಗಳಲ್ಲಿ ಇದೂ ಒಂದು. ಅಲ್ಲಿಯವರೆಗೆ ಯುರೋಪಿನ ವೈದ್ಯರು ರಕ್ತ ಯಕೃತ್ತಿನಲ್ಲಿ ಹುಟ್ಟಿ ಮೈಯಲ್ಲೇ ಮುಗಿದುಹೋಗುತ್ತದೆ ಎಂದು ನಂಬಿದ್ದರು. ಬೇಸಿಗೆಯಲ್ಲಿ ನಮ್ಮ ಕೋಲಾರದ ಕೆರೆಗಳ ನೀರು ಇಂಗಿಹೋಗುವ ಹಾಗೆ.

ಮೈಯಲ್ಲಿರುವುದು ಸುಮಾರು 5 ಲೀಟರ್ ರಕ್ತ. ಸುಮ್ಮನೆ ಕುಳಿತಿದ್ದರೂ ಹೃದಯ ನಿಮಿಷಕ್ಕೆ ಹೆಚ್ಚುಕಡಿಮೆ ಅಷ್ಟನ್ನೇ ದಬ್ಬುತ್ತದೆ. ಅಮ್ಮ ಒಂದು ಹಿಡಿ ಕಾಳು ಹಿತುಕುವಷ್ಟರಲ್ಲಿ ಅವಳ ಮೈಯ ರಕ್ತವೆಲ್ಲ ಒಂದು ಸುತ್ತು ಬಂದಿರುತ್ತದೆ. ಅರವತ್ತೆಂಟು ವರ್ಷಗಳಿಂದ, ನಾವು ಮಲಗಿದ್ದಾಗಲೂ, ಅವಳು ಒಲೆಯ ಮುಂದೆ ನಿಂತಿದ್ದಾಗಲೂ.

ಕೈ ಬಿಡಲು ಮನಸ್ಸಾಗಲಿಲ್ಲ.

"ಸಾರಿಗೆ ಹೊತ್ತಾಯಿತು, ಬಿಡೋ" ಎಂದಳು. ಬೆರಳ ತುಂಬ ಅವರೆಯ ಸೊಗಡು.