ಕೋಲಾರದ ಚರಿತ್ರೆಗೆ ಒಂದೇ ಪುಸ್ತಕ ಸಾಲದು

ಕೋಲಾರ ಸೀಮೆಯ ಚರಿತ್ರೆಯನ್ನು ಯಾವ ಪುಸ್ತಕದಿಂದ ಓದಲು ಆರಂಭಿಸಬೇಕೆಂದು ಇಲ್ಲಿನ ಕಾಲೇಜು ವಿದ್ಯಾರ್ಥಿಗಳು ಆಗಾಗ ಕೇಳುತ್ತಾರೆ. ಒಂದು ಹೆಸರು ಹೇಳಿ ಕಳುಹಿಸಿಬಿಡಬಹುದು; ಆದರೆ ಕನ್ನಡ, ತೆಲುಗು, ತಮಿಳುಗಳು ಶತಮಾನಗಳಿಂದ ಒಂದೇ ಬೀದಿಯಲ್ಲಿ ಬಾಳಿಕೊಂಡು ಬಂದಿರುವ ಈ ಗಡಿನಾಡು ಒಂದು ಪುಸ್ತಕಕ್ಕೆ ಒಗ್ಗುವಂಥದಲ್ಲ. ಶಾಸನ ಸಂಪುಟ, ಗ್ಯಾಸೆಟಿಯರ್ (ಜಿಲ್ಲೆಯ ಸರ್ಕಾರಿ ವಿವರಗ್ರಂಥ), ಕೈಫಿಯತ್ತು (ಊರಿನವರಿಂದ ಬರೆಸಿದ ಸ್ಥಳವೃತ್ತಾಂತ), ನಿಘಂಟು, ಹಿರಿಯರ ನೆನಪಿನ ಬರಹ ಇವನ್ನೆಲ್ಲ ಅಕ್ಕಪಕ್ಕದಲ್ಲಿ ತೆರೆದಿಟ್ಟುಕೊಂಡು, ಒಂದು ಹೇಳಿದ್ದನ್ನು ಇನ್ನೊಂದರೊಡನೆ ತಾಳೆ ನೋಡುತ್ತ ಓದಬೇಕೆಂಬುದು ನನ್ನ ನಂಬಿಕೆ.

ಮೊದಲು ತೆರೆಯಬೇಕಾದದ್ದು, ಸಂದೇಹವೇ ಇಲ್ಲ, ಶಾಸನಗಳ ಸಂಪುಟಮಾಲೆಯಾದ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಹತ್ತನೆಯ ಸಂಪುಟ. ಬೆಂಗಳೂರಿನಲ್ಲೇ ಹುಟ್ಟಿದ ಬಿ.ಎಲ್. ರೈಸ್ ಅವರು ಸಂಪಾದಿಸಿದ ಈ ಸಂಪುಟ 1905ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಂತು. ಶಾಸನಗಳನ್ನು ತಾಲ್ಲೂಕುವಾರು ಜೋಡಿಸಿ ಸಂಖ್ಯೆ ಕೊಟ್ಟಿರುವುದರಿಂದ ನಮ್ಮ ನಮ್ಮ ಊರನ್ನು ಹುಡುಕಿಕೊಳ್ಳುವುದು ಕಷ್ಟವಲ್ಲ. ಎರಡು ಸಂಗತಿಗಳನ್ನು ಮಾತ್ರ ನೆನಪಿಡಬೇಕು. ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದದ್ದು 2007ರಲ್ಲಿ, ಆದ್ದರಿಂದ ನಂದಿ, ಚಿಂತಾಮಣಿ, ಗೌರಿಬಿದನೂರು, ಬಾಗೇಪಲ್ಲಿಗಳ ಶಾಸನಗಳೂ ಈ ಸಂಪುಟದಲ್ಲೇ ಇವೆ. ಬಂಗಾರಪೇಟೆಯನ್ನು ಬೌರಿಂಗ್‌ಪೇಟೆ ಎಂಬ ಹಳೆಯ ಹೆಸರಿನಡಿ ನೋಡಬೇಕು. ಮುಂದೆ ದೊರೆತ ಶಾಸನಗಳು ಅದೇ ಮಾಲೆಯ ಹದಿನೇಳನೆಯ ಸಂಪುಟದಲ್ಲಿ ಸೇರಿವೆ.

ಗಂಗ ಅರಸರು ರಾಜಧಾನಿ ತಲಕಾಡಿಗೆ ಹೋದ ಎಷ್ಟೋ ಕಾಲದ ಮೇಲೂ 'ಕುವಳಾಲಪುರವರೇಶ್ವರ', 'ನಂದಗಿರಿನಾಥ' ಎಂಬ ಬಿರುದುಗಳನ್ನು ಬಿಡದೆ ಹೇಳಿಕೊಳ್ಳುತ್ತಿದ್ದರು. ಕುವಳಾಲಪುರ ನಮ್ಮ ಕೋಲಾರ, ನಂದಗಿರಿ ನಮ್ಮ ನಂದಿಬೆಟ್ಟ. ಶಾಲೆಯ ಪಾಠದಲ್ಲಿ ಒಂದು ಸಾಲಿನಲ್ಲಿ ಮುಗಿಯುವ ಈ ಸಂಗತಿ, ಶಾಸನದಿಂದ ಶಾಸನಕ್ಕೆ ಓದುತ್ತ ಹೋದಾಗ ಬೇರೆಯೇ ತೂಕ ಪಡೆಯುತ್ತದೆ: ಮೂಲದ ಊರಿನ ಹೆಸರು ಆ ವಂಶಕ್ಕೆ ಗೌರವದ ಗುರುತಾಗಿ ಉಳಿದಿತ್ತು. ಇದೇ ಸಂಪುಟದಲ್ಲಿ ಕೋಲಾರಮ್ಮನ ಗುಡಿಯ ಚೋಳರ ಕಾಲದ ತಮಿಳು ಶಾಸನಗಳೂ ಇವೆ. ಆಗ ಈ ಸೀಮೆಗೆ ನಿಗರಿಲಿಚೋಳಮಂಡಲ ಎಂಬ ಹೆಸರಿತ್ತು. ಕನ್ನಡದ ಕಲ್ಲುಗಳನ್ನು ಮಾತ್ರ ಆರಿಸಿ ಓದಿದವರಿಗೆ ಹನ್ನೊಂದನೆಯ ಶತಮಾನದ ಕೋಲಾರ ಕಾಣುವುದೇ ಇಲ್ಲ.

ಆವಣಿಯನ್ನೇ ತೆಗೆದುಕೊಳ್ಳೋಣ. ಮುಳಬಾಗಿಲು ತಾಲ್ಲೂಕಿನ ಈ ಊರಿನಲ್ಲಿ ಬೆಟ್ಟ ತೋರಿಸಿ, ವಾಲ್ಮೀಕಿಯ ಆಶ್ರಮ ಇದ್ದದ್ದು ಇಲ್ಲೇ, ಸೀತಮ್ಮ ಲವಕುಶರನ್ನು ಹೆತ್ತದ್ದು ಇಲ್ಲೇ ಎಂದು ಹೇಳದವರಿಲ್ಲ. ಕೆಳಗಿನ ಆವರಣದಲ್ಲಿ ರಾಮಲಿಂಗೇಶ್ವರನ ಜೊತೆಗೆ ಲಕ್ಷ್ಮಣೇಶ್ವರ, ಭರತೇಶ್ವರ, ಶತ್ರುಘ್ನೇಶ್ವರರ ಗುಡಿಗಳಿವೆ. ಅಲ್ಲಿನ ಹತ್ತನೆಯ ಶತಮಾನದ ಶಾಸನವೊಂದು ತ್ರಿಭುವನಕರ್ತನೆಂಬ ಶೈವ ಯತಿಯನ್ನು ನೆನೆಯುತ್ತದೆ. ಆತ ಆವಣಿಯ ಸ್ಥಾನವನ್ನು 40 ವರ್ಷ ಆಳಿ, 50 ದೇವಾಲಯಗಳನ್ನೂ ಎರಡು ದೊಡ್ಡ ಕೆರೆಗಳನ್ನೂ ಕಟ್ಟಿಸಿದನಂತೆ. ಸಂಖ್ಯೆಗಳಲ್ಲಿ ಹೊಗಳಿಕೆಯ ಪಾಲಿರಬಹುದು. ಆದರೂ ಒಬ್ಬ ಯತಿಯ ಸಾಧನೆಯನ್ನು ಹೇಳುವಾಗ ಗುಡಿಗಳ ಜೊತೆಗೆ ಕೆರೆಗಳನ್ನೂ ಲೆಕ್ಕ ಹಾಕಿದ್ದಾರೆಂಬುದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ನದಿಯ ಆಸರೆ ಇಲ್ಲದೆ ಕೆರೆಯನ್ನೇ ನಂಬಿದ ಈ ಬಯಲಿನಲ್ಲಿ ಊರು ಬೆಳೆದ ಬಗೆಯನ್ನು ಆ ಒಂದು ಕಲ್ಲು ಹೇಳುತ್ತದೆ. ಸೀತಮ್ಮನ ಕಥೆಯನ್ನು ಸುಳ್ಳೆಂದು ತಳ್ಳಬೇಕಾಗಿಲ್ಲ; ಜನ ತಮ್ಮ ಬೆಟ್ಟವನ್ನು ಹೇಗೆ ಕಂಡರೆಂಬುದೂ ಚರಿತ್ರೆಯೇ.

ಅಂತಹ ಊರಕಥೆಗಳ ಬೆಲೆ ತಿಳಿಯಲು ಕೈಫಿಯತ್ತುಗಳನ್ನು ಓದಬೇಕು. ಟಿಪ್ಪುವಿನ ಪತನದ ನಂತರ ಮೈಸೂರು ಸೀಮೆಯನ್ನು ಅಳೆಯಲು ಬಂದ ಕಾಲಿನ್ ಮೆಕೆಂಜಿ, ಊರೂರಿನ ಹಿರಿಯರಿಂದಲೂ ಶಾನುಭೋಗರಿಂದಲೂ ಬರೆಸಿ ಸಂಗ್ರಹಿಸಿದ ಸ್ಥಳವೃತ್ತಾಂತಗಳು ಇವು. ಎಂ.ಎಂ. ಕಲಬುರ್ಗಿ ಅವರ ಸಂಪಾದಕತ್ವದಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯ 1994ರಲ್ಲಿ ಪ್ರಕಟಿಸಿದ 'ಕರ್ನಾಟಕದ ಕೈಫಿಯತ್ತುಗಳು' ಇಂತಹ ಬರಹಗಳನ್ನು ಒಂದೆಡೆ ತಂದಿದೆ. ಪಾಳೆಯಗಾರರ ವಂಶಾವಳಿ, ನಿಧಿಯ ಕಥೆ, ಕೋಟೆ ಕಟ್ಟಿಸಿದ ಕಥೆ ಎಲ್ಲವೂ ಬೆರೆತಿರುವ ಆ ಗದ್ಯದಲ್ಲಿ ಅಂದಿನ ಕಚೇರಿಯ ಕನ್ನಡ ಹೇಗಿತ್ತೆಂಬುದೂ ತಿಳಿಯುತ್ತದೆ.

ಶಾಸನಗಳ ಭಾಷೆ ಕೈಗೆ ಹತ್ತುವವರೆಗೆ ಎರಡು ಆಸರೆಗಳು ಬೇಕು. ಒಂದು, ಎಂ. ಚಿದಾನಂದಮೂರ್ತಿಯವರ 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ' (1966). ಅರಸರ ಪಟ್ಟಿಯನ್ನು ಪಕ್ಕಕ್ಕಿಟ್ಟು ವೀರಗಲ್ಲು, ದಾನ, ವಿದ್ಯೆ, ಧರ್ಮಗಳ ಮೂಲಕ ಜನಜೀವನವನ್ನು ಓದುವುದು ಹೇಗೆಂದು ಅದರಷ್ಟು ಚೆನ್ನಾಗಿ ಕಲಿಸಿದ ಪುಸ್ತಕ ನನಗೆ ಇನ್ನೊಂದಿಲ್ಲ. ಇನ್ನೊಂದು ನಿಘಂಟು. ಕೆರೆಯ ದಾನಗಳಲ್ಲಿ ಬರುವ ಬಿತ್ತುವಟ್ಟ, ದಶವಂದದಂತಹ ಮಾತುಗಳಿಗೆ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ 'ಕನ್ನಡ ನಿಘಂಟು' ಪ್ರಯೋಗ ಸಹಿತ ವಿವರಣೆ ನೀಡುತ್ತದೆ. 1894ರ ಕಿಟೆಲ್ ನಿಘಂಟನ್ನೂ ಕೈಬಿಡಬಾರದು. ಕನ್ನಡ ಪದದ ಜೊತೆಗೆ ತಮಿಳು, ತೆಲುಗಿನ ಸೋದರ ರೂಪಗಳನ್ನೂ ಕೊಡುವ ಅದು ನಮ್ಮ ಜಿಲ್ಲೆಯ ಓದುಗರಿಗೆಂದೇ ಮಾಡಿದಂತಿದೆ.

1968ರ ಕೋಲಾರ ಜಿಲ್ಲಾ ಗ್ಯಾಸೆಟಿಯರ್ ಆಡಳಿತ, ಮಳೆ, ಬೆಳೆಗಳ ವಿವರಕ್ಕೆ ಉಪಯುಕ್ತ. ಅಷ್ಟರ ಮಟ್ಟಿಗೆ ಇಟ್ಟುಕೊಂಡರೆ ಸಾಕು.

ನೆನಪಿನ ಬರಹಗಳಲ್ಲಿ ಮುಳಬಾಗಿಲಿನ ಡಿ.ವಿ.ಜಿ.ಯವರ 'ಜ್ಞಾಪಕ ಚಿತ್ರಶಾಲೆ'ಯನ್ನು ಬಹುಮಂದಿ ವ್ಯಕ್ತಿಚಿತ್ರಗಳೆಂದೇ ಓದುತ್ತಾರೆ. ಊರಿನ ಸಾಮಾಜಿಕ ಚರಿತ್ರೆಯೆಂದು ಅದನ್ನು ಮತ್ತೊಮ್ಮೆ ಓದಬೇಕು. ಮಾಲೂರು ತಾಲ್ಲೂಕಿನ ಮಾಸ್ತಿಯವರ ಮನೆಮಾತು ತಮಿಳು, ಬರೆದದ್ದು ಕನ್ನಡ. ಕೈವಾರದ ಸಂತಕವಿ ತಾತಯ್ಯನವರು ತೆಲುಗಿನಲ್ಲೂ ಕನ್ನಡದಲ್ಲೂ ಹಾಡಿದರು, ಅವರ ತೆಲುಗು ಪದಗಳು ಕನ್ನಡ ಲಿಪಿಯಲ್ಲೇ ಇಲ್ಲಿನ ಭಜನೆ ಮನೆಗಳಲ್ಲಿ ಬಳಕೆಯಲ್ಲಿವೆ. ಪ್ರಾದೇಶಿಕ ಸಾಹಿತ್ಯವೆಂದು ಪಟ್ಟಿ ಮಾಡುವಾಗ ತಾತಯ್ಯನವರ ತೆಲುಗನ್ನು ಹೊರಗಿಡುವುದು ನನಗೆ ಒಪ್ಪಿತವಲ್ಲ.

ರೈಸ್ ಅವರ ಸಂಪುಟಗಳು ಇಂದು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಹಳಗನ್ನಡವೂ ಇಂಗ್ಲಿಷೂ ಸಾಮಾನ್ಯ ಓದುಗರಿಗೆ ತೊಡಕಾಗುವುದರಿಂದ, ಈ ಜಿಲ್ಲೆಗಳ ಶಾಸನಗಳಿಗೆ ಹೊಸಗನ್ನಡದ ಭಾವಾರ್ಥವಿರುವ ತಾಲ್ಲೂಕುವಾರು ಪುಸ್ತಿಕೆಗಳು ಪ್ರತಿ ಸರ್ಕಾರಿ ಪ್ರೌಢಶಾಲೆಯ ಕಪಾಟಿನಲ್ಲಿರಬೇಕು. ಬೆಂಗಳೂರಿನ ಮಿಥಿಕ್ ಸೊಸೈಟಿ ಆ ಭಾಗದ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿ ಉಳಿಸುತ್ತಿದೆ. ಅಂತಹ ಕೆಲಸ ನಮ್ಮ ಒಂದೊಂದು ಹೋಬಳಿಗೂ ತಲುಪಬೇಕು. ಅಲ್ಲಿಯವರೆಗೆ ವಿದ್ಯಾರ್ಥಿಗಳು ತಮ್ಮ ಊರಿನ ಶಾಸನದ ಸಂಖ್ಯೆಯನ್ನು ಸಂಪುಟದಲ್ಲಿ ಗುರುತಿಸಿ, ಆ ಕಲ್ಲು ಈಗ ಹೊಲದ ಬದುವಿನಲ್ಲಿದೆಯೋ, ಕೆರೆಯ ತೂಬಿನ ಬಳಿ ಇದೆಯೋ ವಿಚಾರಿಸಿ, ಫೋಟೊ ತೆಗೆದು, ಪಾಠದೊಡನೆ ಅಕ್ಷರ ಅಕ್ಷರ ಹೋಲಿಸಿ ನೋಡಲಿ.