ಸಂಜೆಗೆ ಒಂದು ಕೆಜಿ ಜಾಸ್ತಿಯಾದ ಅಡಿಕೆ

ಶಿವಮೊಗ್ಗದ ಅಡಿಕೆ ಮಂಡಿಯೊಂದಕ್ಕೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದೆವು. ಒಂದು ದಿನ ಯಜಮಾನರ ಫೋನ್. "ಏನ್ರೀ, ಬೆಳಿಗ್ಗೆ ಬಿಲ್ಲಲ್ಲಿ 64 ಕೆಜಿ ಇದ್ದ ರಾಶಿ ಅಡಿಕೆ ಚೀಲ, ಸಂಜೆ ಮತ್ತೆ ಪ್ರಿಂಟ್ ತೆಗೆದ್ರೆ 65 ತೋರಿಸ್ತಿದೆ. ಮಳೆ ನೀರು ಕುಡೀತಾ?"

ಬೆಳಿಗ್ಗೆ ಲಾಟ್ ಆಬ್ಜೆಕ್ಟ್, ಅಂದರೆ ಪ್ರೋಗ್ರಾಂನಲ್ಲಿ ಆ ಚೀಲದ ವಿವರ ಹೊರುವ ಜಾವಾ ಆಬ್ಜೆಕ್ಟ್, ಹುಟ್ಟಿಸಿದ್ದು ನಮ್ಮ ಕೋಡ್. ಖಾಲಿ ಚೀಲದ ತೂಕ ಕಳೆಯುವ ನಿಯಮವನ್ನು ಕನ್‌ಸ್ಟ್ರಕ್ಟರ್‌ನಲ್ಲೇ, ಅಂದರೆ ಆಬ್ಜೆಕ್ಟ್ ಹುಟ್ಟುವಾಗಲೇ, ಕೊಡುತ್ತಿತ್ತು. ಸಂಜೆ ಅದೇ ಲಾಟ್ ಡೇಟಾಬೇಸಿನಿಂದ ಬಂತು. ಅಲ್ಲಿ ಹುಟ್ಟಿಸಿದ್ದು ಮೈಬ್ಯಾಟಿಸ್, ಡೇಟಾಬೇಸಿನ ಸಾಲುಗಳನ್ನು ಜಾವಾ ಆಬ್ಜೆಕ್ಟ್‌ಗಳಾಗಿಸುವ ಲೈಬ್ರರಿ. ಅದು ಖಾಲಿ ಕನ್‌ಸ್ಟ್ರಕ್ಟರ್ ಕರೆದು, ಕಾಲಂಗಳನ್ನು ತುಂಬಿ, ಸುಮ್ನಾಯಿತು. ನಿಯಮದ ಜಾಗದಲ್ಲಿ ನಲ್, ಅಂದರೆ ಏನೂ ಇಲ್ಲ. ನಲ್ ಇದ್ದರೆ ಕಳೆಯಬೇಡ ಅಂತ ಹಿಂದೆ ಯಾವಾಗಲೋ ಒಂದು ಇಫ್ ಹಾಕಿದವನು ನಾನೇ. ಅದಿಲ್ಲದಿದ್ದರೆ ಪ್ರೋಗ್ರಾಂ ಮೊದಲ ದಿನವೇ ಬಿದ್ದು ತಪ್ಪು ಸಿಗುತ್ತಿತ್ತು.

ಮೊದಲು ತೇಪೆ ಹಚ್ಚಿದೆವು. ಲಾಟ್ ಓದುವ ಕಡೆಯೆಲ್ಲ, ಓದಿದ ಮೇಲೆ ನಿಯಮ ಸೇರಿಸುವ ಒಂದು ಸಾಲು. ಗೊರಬಲು ಅನ್ನೋ ಇನ್ನೊಂದು ಬಗೆಯ ಅಡಿಕೆಯ ವರದಿಯಲ್ಲಿ ಆ ಸಾಲು ಮರೆತೆವು. ಮತ್ತೆ ಫೋನ್.

ಆಮೇಲೆ ಕೂತು ಯೋಚಿಸಿದೆ. ಯಾವ ಕಾಲಂ ಯಾವ ಫೀಲ್ಡಿಗೆ ಹೋಗಬೇಕು ಅನ್ನೋದು ಮೈಬ್ಯಾಟಿಸ್‌ನ ರಿಸಲ್ಟ್‌ಮ್ಯಾಪ್ ಕೆಲಸ. ಆಬ್ಜೆಕ್ಟ್ ಹೇಗೆ ಹುಟ್ಟಬೇಕು ಅನ್ನೋದು ಬೇರೆಯದೇ ಕೆಲಸ. ಮರ ಹತ್ತಿ ಕೊನೆ ಇಳಿಸುವ ಕೊನೆಗೌಡನೇ ಅಡಿಕೆ ಸುಲಿಯೋಕೂ ಕೂರಲ್ಲ, ಅಲ್ವಾ? ಹುಟ್ಟಿಸುವ ಕೆಲಸಕ್ಕೆ ಮೈಬ್ಯಾಟಿಸ್‌ನಲ್ಲಿ ಆಬ್ಜೆಕ್ಟ್‌ಫ್ಯಾಕ್ಟರಿ ಅಂತಲೇ ಒಂದಿದೆ. ಡೀಫಾಲ್ಟ್ ಫ್ಯಾಕ್ಟರಿಯನ್ನು ಎಕ್ಸ್‌ಟೆಂಡ್ ಮಾಡಿ, ಕ್ರಿಯೇಟ್ ಮೆಥಡ್‌ನಲ್ಲಿ ಆಬ್ಜೆಕ್ಟನ್ನು ಸ್ಪ್ರಿಂಗ್‌ನಿಂದ (ಆಬ್ಜೆಕ್ಟ್‌ಗಳಿಗೆ ಬೇಕಾದ್ದನ್ನು ಜೋಡಿಸಿಕೊಡುವ ಫ್ರೇಮ್‌ವರ್ಕ್) ನಿಯಮದ ಸಮೇತ ತರಿಸಿದೆ. ಎಸ್‌ಕ್ಯೂಎಲ್ ಮುಟ್ಟಲಿಲ್ಲ, ಮ್ಯಾಪಿಂಗ್ ಕೂಡ ಮುಟ್ಟಲಿಲ್ಲ.

ರನ್ ಮಾಡಿದರೆ ಮೊದಲ ಕ್ವೆರಿಯೇ ಎರರ್. ಲಾಗ್ ಹಾಕಿ ನೋಡಿದೆ. ಫ್ಯಾಕ್ಟರಿಯ ಬಾಗಿಲಿಗೆ ಮೊದಲು ಬಂದದ್ದು ಲಾಟ್ ಅಲ್ಲ, ಲಿಸ್ಟ್! ಸಾಲುಗಳನ್ನು ತುಂಬಿಡುವ ಲಿಸ್ಟನ್ನೂ ಮೈಬ್ಯಾಟಿಸ್ ಇದೇ ಫ್ಯಾಕ್ಟರಿಯಿಂದ ಕೇಳಿ ಪಡೆಯುತ್ತದೆ. ಲಿಸ್ಟ್ ಬರೀ ಇಂಟರ್‌ಫೇಸ್, ಅದನ್ನು ನೇರವಾಗಿ ಹುಟ್ಟಿಸೋಕೆ ಬರಲ್ಲ. ಡೀಫಾಲ್ಟ್ ಫ್ಯಾಕ್ಟರಿಗೆ ಇದು ಗೊತ್ತು, ಸದ್ದಿಲ್ಲದೆ ಅರೇಲಿಸ್ಟ್ ಕೊಡುತ್ತದೆ. ಹಾಗಾಗಿ ಲಾಟ್ ಬಂದರೆ ಮಾತ್ರ ನಮ್ಮ ದಾರಿ, ಉಳಿದದ್ದೆಲ್ಲ ಸೂಪರ್‌ಗೆ, ಅಂದರೆ ಡೀಫಾಲ್ಟ್ ಫ್ಯಾಕ್ಟರಿಗೇ, ಅಂತ ಮಾಡಿದೆ. ಆ ಹಳೇ ಇಫ್ ಕೂಡ ಕಿತ್ತು ಹಾಕಿದೆ.

ಪಕ್ಕದ ಸೀಟಿನ ಗೆಳೆಯನಿಗೆ ಇದು ಇಷ್ಟವಿಲ್ಲ. ಡೇಟಾಬೇಸಿನಿಂದ ಬರುವ ಆಬ್ಜೆಕ್ಟ್ ಬರೀ ಅಂಕಿ ಹೊರಬೇಕು, ನಿಯಮ ಲೆಕ್ಕ ಮಾಡುವ ಸರ್ವಿಸ್ ಕೋಡ್‌ನಲ್ಲಿರಲಿ ಅನ್ನುತ್ತಾನೆ. ಹೊಸದಾಗಿ ಬರೆಯುವುದಾದರೆ ನಾನೂ ಹಾಗೇ ಮಾಡುತ್ತಿದ್ದೆನೇನೋ. ಆದರೆ ಆಗ ಕೊಯ್ಲಿನ ಕಾಲ, ಮಂಡಿ ತುಂಬ ಚೀಲ, ಯಜಮಾನರಿಗೆ ಬಿಲ್ ಸರಿ ಬಂದರೆ ಸಾಕಿತ್ತು.