ಕಾಗದ ಯಾವ ಕೆಲಸಕ್ಕೆ?

ಗದಗ, ಹಾವೇರಿ ಕಡೆಯ ಹಳ್ಳಿಗಳಲ್ಲಿ ಸಿಟ್ಟು ಬಂದರೆ "ನಿನ್ನನ್ನು ಧಾರವಾಡಕ್ಕೆ ಕಳಿಸಬೇಕು" ಎಂದು ಬೈಯುವುದುಂಟು. ಬ್ರಿಟಿಷರ ಕಾಲದಿಂದ ಇಲ್ಲಿ ಮಾನಸಿಕ ಆಸ್ಪತ್ರೆ ಇದ್ದದ್ದಕ್ಕೆ ಊರಿಗೇ ಅಂಟಿಕೊಂಡ ಹೆಸರು ಅದು. ಇದೇ ಊರಿನಲ್ಲಿ ಜಿಲ್ಲಾ ನ್ಯಾಯಾಲಯವೂ ಇದೆ, 2013ರಿಂದ ಹೈಕೋರ್ಟಿನ ಕಾಯಂ ಪೀಠವೂ ಇದೆ. ಬೆಳಿಗ್ಗೆ ವಕೀಲರನ್ನು ಕಂಡು, ಮಧ್ಯಾಹ್ನ ವೈದ್ಯರನ್ನು ಕಂಡು, ಸಂಜೆಯ ಬಸ್ಸಿಗೆ ಊರು ಮುಟ್ಟುವ ಕುಟುಂಬಗಳು ನಮ್ಮಲ್ಲಿ ಬಹಳ. ಅವರ ಕೈಯಲ್ಲಿ ಒಂದೇ ಪ್ಲಾಸ್ಟಿಕ್ ಚೀಲ ಇರುತ್ತದೆ, ಅದರೊಳಗೆ ಔಷಧ ಚೀಟಿ, ಹೊಲದ ಉತಾರ, ಕೋರ್ಟಿನ ನೋಟಿಸು ಎಲ್ಲ ಒಟ್ಟಿಗೆ.

ನಾನು ಮನೋವೈದ್ಯಕೀಯ ಸಮಾಜ ಕಾರ್ಯಕರ್ತೆ. ರೋಗ ಗುರುತಿಸುವುದು, ಔಷಧ ಬರೆಯುವುದು ವೈದ್ಯರ ಕೆಲಸ. ಮನೆಯ ಪರಿಸ್ಥಿತಿ ಏನು, ರೋಗಿಯನ್ನು ನೋಡಿಕೊಳ್ಳುವವರು ಯಾರು, ಗುಣವಾದ ಮೇಲೆ ಎಲ್ಲಿಗೆ ಹೋಗುತ್ತಾರೆ ಎಂದು ಕೇಳಿ ಬರೆಯುವುದು ನನ್ನ ಪಾಲಿನದು. ಆದ್ದರಿಂದ "ಇವರ ಬುದ್ಧಿ ಸ್ಥಿಮಿತದಲ್ಲಿಲ್ಲ ಎಂದು ಒಂದು ಕಾಗದ ಬರೆಸಿಕೊಡಿ" ಎಂಬ ಮಾತು ವೈದ್ಯರಿಗಿಂತ ಮೊದಲು ನನ್ನ ಮೇಜಿಗೆ ಬರುತ್ತದೆ. ಈ ಕೆಲಸದಲ್ಲಿ ನಾನು ಕಲಿತದ್ದರಲ್ಲಿ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು, ಆಗ ತಿರುಗಿ ಕೇಳಬೇಕಾದ ಒಂದು ಪ್ರಶ್ನೆ. ಯಾವ ಕೆಲಸಕ್ಕೆ? ಪಿಂಚಣಿಗೋ, ಹೊಲದ ಪಾಲಿಗೋ, ಸೋಡಚೀಟಿಗೋ ಅಂದರೆ ವಿಚ್ಛೇದನಕ್ಕೋ, ಪೊಲೀಸ್ ಠಾಣೆಗೋ? ಕೆಲಸ ಯಾವುದೆಂದು ತಿಳಿಯದೆ ಬರೆದ ಕಾಗದ ಒಬ್ಬರ ಇಡೀ ಬದುಕಿನ ಮೇಲೆ ಮುದ್ರೆ ಒತ್ತಿಬಿಡುತ್ತದೆ.

ರೋಣ ತಾಲ್ಲೂಕಿನ ಕಡೆಯಿಂದ ಬಂದ ಅಣ್ಣ ತಂಗಿಯ ಸಂಗತಿ ಹೇಳುತ್ತೇನೆ. ಯಾರೆಂದು ಗೊತ್ತಾಗದಂತೆ ವಿವರಗಳನ್ನು ಬದಲಿಸಿದ್ದೇನೆ. ತಂಗಿಗೆ ಸ್ಕಿಝೋಫ್ರೇನಿಯಾ. ಮದುವೆಯಾಗಿಲ್ಲ, ಮಾತ್ರೆಯ ಮೇಲೆ ಇದ್ದಾಳೆ. ಯಾರೋ ತನ್ನ ವಿಷಯ ಮಾತನಾಡುತ್ತಾರೆ ಎನ್ನುವ ದನಿಗಳು ಕಡಿಮೆಯಾಗಿವೆ, ಪೂರ್ತಿ ನಿಂತಿಲ್ಲ. ತಂದೆ ತೀರಿಕೊಂಡ ಮೇಲೆ ಹೊಲದ ವಾಟ್ನಿ, ಅಂದರೆ ಪಾಲು, ಆಗಬೇಕಿತ್ತು. ಅಣ್ಣ ಛಾಪಾ ಕಾಗದವನ್ನು ಮೊದಲೇ ಕೊಂಡು ತಂದಿದ್ದ. ಅವನ ಲೆಕ್ಕ ಸರಳವಾಗಿತ್ತು. ತಂಗಿಗೆ ಬುದ್ಧಿಯಿಲ್ಲ ಎಂದು ಆಸ್ಪತ್ರೆಯಿಂದ ಬರೆಸಿಕೊಂಡರೆ ಆಕೆಯ ಸಹಿಯ ಗೊಡವೆಯೇ ಇರುವುದಿಲ್ಲ, ಪಾಲೂ ತನಗೇ ಉಳಿಯುತ್ತದೆ.

ಅವನನ್ನು ಕೆಟ್ಟವನೆಂದು ಬರೆಯಲು ನನಗೆ ಮನಸ್ಸಿಲ್ಲ. ತಿಂಗಳು ತಿಂಗಳು ಆಕೆಯನ್ನು ಬಸ್ಸಿನಲ್ಲಿ ಕರೆತಂದವನು ಅವನೇ. ಆಕೆ ರಾತ್ರಿ ಮನೆ ಬಿಟ್ಟು ಹೋದಾಗ ಟಾರ್ಚ್ ಹಿಡಿದು ಹುಡುಕಿದವನೂ ಅವನೇ. "ಮೇಡಂ, ಇಷ್ಟು ವರ್ಷ ನೋಡಿಕೊಂಡಿದ್ದೇನೆ. ನಾಳೆ ಬೇರೆ ಯಾರಾದರೂ ಇವಳ ಕೈಹಿಡಿದು ಸಹಿ ಹಾಕಿಸಿಕೊಂಡರೆ?" ಎಂದು ಕೇಳಿದ. ಆ ಭಯದಲ್ಲಿ ನಿಜವಿತ್ತು. ಅದರ ಜೊತೆಗೆ ಹೊಲದ ಆಸೆಯೂ ಇತ್ತು. ಒಂದೇ ಮನುಷ್ಯನ ಎದೆಯಲ್ಲಿ ಎರಡೂ ಕೂಡಿಯೇ ಇರುತ್ತವೆ, ನಮ್ಮ ಕೆಲಸದಲ್ಲಿ ಇದನ್ನು ಒಪ್ಪಿಕೊಂಡೇ ಮುಂದುವರಿಯಬೇಕು.

ಅವನನ್ನು ಹೊರಗೆ ಕೂರಿಸಿ ತಂಗಿಯ ಜೊತೆ ಒಬ್ಬಳೇ ಮಾತನಾಡಿದೆ. ಹೊಲದಲ್ಲಿ ಏನು ಹಾಕಿದ್ದೀರಿ ಎಂದು ಕೇಳಿದೆ. ಮುಂಗಾರಿಗೆ ಹೆಸರು ಹಾಕಿದ್ದೆವು, ಈಗ ಕಡಲೆ ಇದೆ ಎಂದಳು. ಹಳ್ಳದ ಕಡೆಯ ಭಾಗ ಒಳ್ಳೆಯ ಎರೆಭೂಮಿ, ರಸ್ತೆಯ ಕಡೆಯದು ಅಷ್ಟಕ್ಕಷ್ಟೆ, ಅಲ್ಲಿ ಮಳೆ ಬಂದರೆ ಬದು ಒಡೆಯುತ್ತದೆ ಎಂದಳು. ಮಧ್ಯೆ ಒಮ್ಮೆ ಕಿಟಕಿಯ ಕಡೆ ತಿರುಗಿ ಯಾರಿಗೋ "ಸುಮ್ಮನಿರು" ಎಂದು ಗದರಿ, ಮತ್ತೆ ನನ್ನ ಕಡೆ ತಿರುಗಿದಳು. ಅಣ್ಣ ಸಹಿ ಕೇಳುತ್ತಿದ್ದಾನಲ್ಲ, ಮಾಡಿದರೆ ಏನಾಗುತ್ತದೆ ಎಂದೆ. "ಹೊಲ ಅವನದಾಗುತ್ತದೆ. ಅವನು ಇರುವ ತನಕ ಅನ್ನ ಹಾಕುತ್ತಾನೆ. ಆಮೇಲೆ ಅತ್ತಿಗೆ ಹಾಕುತ್ತಾಳೋ ಇಲ್ಲವೋ. ಹಿತ್ತಲ ಕಡೆಯ ಕೋಣೆ ನನ್ನ ಹೆಸರಿಗೆ ಬರೆದುಕೊಡಲಿ, ಆಗ ಮಾಡುತ್ತೇನೆ" ಎಂದಳು.

ಒಂದು ವ್ಯವಹಾರದ ಪರಿಣಾಮ ಅರಿಯುವುದೆಂದರೆ ಇದೇ. ಕಿವಿಯಲ್ಲಿ ದನಿ ಕೇಳುತ್ತಿರುವಾಗಲೂ ಆಕೆಗೆ ಅದು ಗೊತ್ತಿತ್ತು. ಕಾನೂನೂ ಇದನ್ನೇ ಹೇಳುತ್ತದೆ. 1872ರ ಕರಾರು ಕಾಯ್ದೆಯ 12ನೇ ಕಲಂ, ಕರಾರು ಮಾಡುವ ಹೊತ್ತಿನಲ್ಲಿ ಅದನ್ನು ಅರ್ಥಮಾಡಿಕೊಂಡು ತನ್ನ ಹಿತಕ್ಕೆ ಏನಾಗುತ್ತದೆಂದು ತೂಗಿ ನೋಡಲು ಬರುತ್ತದೆಯೇ ಎಂದಷ್ಟೇ ಕೇಳುತ್ತದೆ. ಹೆಚ್ಚಿನ ಕಾಲ ಚಿತ್ತಸ್ವಾಸ್ಥ್ಯ ಇಲ್ಲದವರು ಕೂಡ ಸ್ವಸ್ಥರಿರುವ ಹೊತ್ತಿನಲ್ಲಿ ಕರಾರು ಮಾಡಬಹುದು ಎಂದು ಅದೇ ಕಲಮಿನಲ್ಲಿದೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 28ನೇ ಕಲಂ ಇನ್ನೂ ನೇರ: ಯಾವುದೇ ರೋಗ ಅಥವಾ ಅಂಗದೋಷದ ಕಾರಣಕ್ಕೆ ಆಸ್ತಿಯ ಹಕ್ಕು ತಪ್ಪುವುದಿಲ್ಲ. ಅಂದರೆ ಅಣ್ಣ ಕೇಳಿದ ಕಾಗದ ಸಿಕ್ಕಿದ್ದರೂ ಪಾಲು ಅವನಿಗೆ ಬರುತ್ತಿರಲಿಲ್ಲ. ಆಕೆಯ ಮಾತಿಗೆ ಬೆಲೆ ಇಲ್ಲದಂತಾಗುತ್ತಿತ್ತು, ಅಷ್ಟೆ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 3ನೇ ಕಲಂ ಎಲ್ಲರ ಗೋಡೆಯ ಮೇಲೂ ಇರಬೇಕಾದದ್ದು. ಮಾನಸಿಕ ಕಾಯಿಲೆ ಇದೆ ಎಂದು ತೀರ್ಮಾನವಾದ ಮಾತ್ರಕ್ಕೆ ಆ ವ್ಯಕ್ತಿ ಅಸ್ವಸ್ಥಚಿತ್ತರೆಂದು ತಿಳಿಯುವಂತಿಲ್ಲ, ಅದನ್ನು ಹೇಳುವ ಅಧಿಕಾರ ಸಕ್ಷಮ ನ್ಯಾಯಾಲಯಕ್ಕೆ ಮಾತ್ರ ಎನ್ನುತ್ತದೆ ಅದು. ವೈದ್ಯರಿಗೂ ಆ ಅಧಿಕಾರವಿಲ್ಲ ಎಂದರೆ ಕುಟುಂಬದವರು ಚಕಿತರಾಗುತ್ತಾರೆ. ಕೆಲವು ವಕೀಲರೂ ಚಕಿತರಾಗುತ್ತಾರೆ. ಹಳೆಯ 1987ರ ಕಾಯ್ದೆಯಲ್ಲಿ ರೋಗಿಯ ಆಸ್ತಿ ನೋಡಿಕೊಳ್ಳುವ ವ್ಯವಸ್ಥೆಯ ಬಗ್ಗೆ ಒಂದು ಅಧ್ಯಾಯವೇ ಇತ್ತು. ಹೊಸ ಕಾಯ್ದೆ ಅದನ್ನು ಕೈಬಿಟ್ಟಿದೆ.

ಹಾಗಾದರೆ ಅಣ್ಣನ ಭಯಕ್ಕೆ ಪರಿಹಾರ? ಅಂಗವಿಕಲ ವ್ಯಕ್ತಿಗಳ ಹಕ್ಕುಗಳ 2016ರ ಕಾಯ್ದೆಯ 14ನೇ ಕಲಮಿನಲ್ಲಿ ಸೀಮಿತ ಪೋಷಕತ್ವ ಎಂಬ ದಾರಿ ಇದೆ. ಪೋಷಕರು ರೋಗಿಯ ಜೊತೆಗೂಡಿ ನಿರ್ಧಾರ ಮಾಡಬೇಕು, ಅದೂ ಇಂಥದ್ದೇ ವಿಷಯಕ್ಕೆ, ಇಂತಿಷ್ಟೇ ಅವಧಿಗೆ, ರೋಗಿಯ ಇಚ್ಛೆಗೆ ತಕ್ಕಂತೆ. ಹೆಣ್ಣುಮಗಳೂ ಹೌದು, ಕಾಯಿಲೆಯವಳೂ ಹೌದು, ಆದ್ದರಿಂದ ಕಾನೂನು ಸೇವಾ ಪ್ರಾಧಿಕಾರದಿಂದ ಆಕೆಗೆ ವಕೀಲರು ಉಚಿತವಾಗಿ ಸಿಗುತ್ತಾರೆ. ಅಣ್ಣನಿಗೆ ಇದನ್ನೆಲ್ಲ ಬಿಡಿಸಿ ಹೇಳಿದೆ. ಮೊದಲು ಮುಖ ಗಂಟಿಕ್ಕಿಕೊಂಡ. ಆಮೇಲೆ ಕೋಣೆಯ ವಿಷಯ ಕೇಳಿ, "ಅಷ್ಟನ್ನು ನನಗೇ ಹೇಳಬಹುದಿತ್ತಲ್ಲ" ಎಂದ. ಅಂಗವೈಕಲ್ಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿಸಿ ಕಳಿಸಿದೆವು. ಸ್ಕಿಝೋಫ್ರೇನಿಯಾದಂಥ ಕಾಯಿಲೆಯಿಂದ ದಿನದ ಬದುಕಿಗೆ ಎಷ್ಟು ತೊಡಕಾಗಿದೆ ಎಂದು ಅಳೆದು, ಶೇ 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಪಿಂಚಣಿ, ಬಸ್ ಪಾಸಿನಂಥ ಸೌಲಭ್ಯಗಳಿಗೆ ದಾರಿಯಾಗುತ್ತದೆ. ಇದು ಅವರ ಕೈಗೆ ನಾವೇ ತಗಾದೆ ಮಾಡಿ ಕೊಡಬೇಕಾದ ಕಾಗದ. ಈ ಕಾಗದ ಮನುಷ್ಯನಿಗೆ ಆಸರೆ ಕೊಡುತ್ತದೆ, ಅಣ್ಣ ಕೇಳಿದ ಕಾಗದ ಇರುವ ಆಸರೆಯನ್ನೂ ಕಿತ್ತುಕೊಳ್ಳುತ್ತಿತ್ತು. ಕುಟುಂಬದವರು ಎರಡನ್ನೂ ಒಂದೇ ಹೆಸರಿನಿಂದ ಕೇಳುತ್ತಾರೆ, ಅದಕ್ಕೇ ನನ್ನ ಪ್ರಶ್ನೆ.

ಸೋಡಚೀಟಿಯ ಸಂಗತಿ ಇದಕ್ಕಿಂತ ಕಹಿ. ಹೆಂಡತಿಯ ಕಪಾಟಿನಲ್ಲಿ ಸಿಕ್ಕ ಮಾತ್ರೆಯ ಪಟ್ಟಿ ಹಿಡಿದು "ಇದು ಯಾವ ರೋಗದ ಮಾತ್ರೆ, ಬರೆದುಕೊಡಿ" ಎಂದು ಬರುವ ಗಂಡಂದಿರಿದ್ದಾರೆ. ಹಿಂದೂ ವಿವಾಹ ಕಾಯ್ದೆಯ 13ನೇ ಕಲಮಿನಲ್ಲಿ ಮಾನಸಿಕ ಕಾಯಿಲೆ ವಿಚ್ಛೇದನಕ್ಕೆ ಒಂದು ಕಾರಣ, ನಿಜ. ಆದರೆ ಜೊತೆಗೆ ಬಾಳುವುದನ್ನು ನಿರೀಕ್ಷಿಸಲಾಗದಷ್ಟು, ಆ ಬಗೆಯ, ಆ ಪ್ರಮಾಣದ ಕಾಯಿಲೆ ಎಂದು ತೋರಿಸಬೇಕು. ರೋಗದ ಹೆಸರೊಂದೇ ಸಾಲದು ಎಂದು ಸುಪ್ರೀಂ ಕೋರ್ಟ್ 1988ರಲ್ಲೇ ರಾಮ್ ನಾರಾಯಣ್ ಗುಪ್ತಾ ಪ್ರಕರಣದಲ್ಲಿ ಹೇಳಿದೆ. ಮಾತ್ರೆ ನುಂಗುತ್ತ ಮನೆ, ಮಕ್ಕಳು, ಅಂಗನವಾಡಿ ಕೆಲಸ ಎಲ್ಲ ತೂಗಿಸುವ ಹೆಣ್ಣುಮಕ್ಕಳನ್ನು ನಾನು ವಾರವಾರ ನೋಡುತ್ತೇನೆ. ಅವರ ಕಡತ ಗಂಡನಿಗಾಗಲಿ, ಗಂಡನ ವಕೀಲರ ಗುಮಾಸ್ತನಿಗಾಗಲಿ ಸಿಗುವುದಿಲ್ಲ. ಗೋಪ್ಯತೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಕಲಂ ಕೊಟ್ಟ ಹಕ್ಕು. ನ್ಯಾಯಾಲಯದ ಆದೇಶ ಬಂದರೆ ಮಾತು ಬೇರೆ. ಆಕೆಯೇ ತನ್ನ ವೈದ್ಯಕೀಯ ದಾಖಲೆ ಕೇಳಿದರೆ ಅದು ಆಕೆಯ ಹಕ್ಕು. ಇದನ್ನು ತಿಳಿದ ಮೇಲೆ ಎಷ್ಟೋ ಹೆಣ್ಣುಮಕ್ಕಳು ಕದ್ದು ಮಾತ್ರೆ ತೆಗೆದುಕೊಳ್ಳುವುದನ್ನು ಬಿಟ್ಟಿದ್ದಾರೆ.

ಹುಬ್ಬಳ್ಳಿಯ ಹೆಣ್ಣುಮಗಳೊಬ್ಬಳು ತನ್ನ ನಾಮನಿರ್ದೇಶಿತ ಪ್ರತಿನಿಧಿಯನ್ನಾಗಿ ಗಂಡನನ್ನು ಬಿಟ್ಟು ಪಕ್ಕದ ಮನೆಯ ಅಕ್ಕನ ಹೆಸರು ಬರೆದಳು. ಕಾಯಿಲೆ ಉಲ್ಬಣಿಸಿ ತಾನೇ ನಿರ್ಧರಿಸಲಾಗದ ಹೊತ್ತಿನಲ್ಲಿ ತನ್ನ ಪರವಾಗಿ ನಿಲ್ಲುವವರನ್ನು ಹೀಗೆ ಮೊದಲೇ ಆರಿಸಿಕೊಳ್ಳಲು ಅದೇ 2017ರ ಕಾಯ್ದೆಯ 14ನೇ ಕಲಂ ಅವಕಾಶ ಕೊಡುತ್ತದೆ. ಅದಕ್ಕೆ ಛಾಪಾ ಕಾಗದ ಬೇಡ. ಬಿಳಿ ಹಾಳೆಯ ಮೇಲೆ ಬರೆದು ಸಹಿ ಅಥವಾ ಹೆಬ್ಬೆಟ್ಟು ಒತ್ತಿದರೆ ಸಾಕು. ಚೆನ್ನಾಗಿರುವ ದಿನಗಳಲ್ಲಿ ಇದನ್ನು ಬರೆಸಿ ಇಡಿ ಎಂದು ಬಂದವರಿಗೆಲ್ಲ ಹೇಳುತ್ತೇನೆ. ಕೇಳುವವರು ಕಡಿಮೆ.

ಪೊಲೀಸರ ವಿಷಯಕ್ಕೆ ಬರುತ್ತೇನೆ. ಹುಬ್ಬಳ್ಳಿ ದೊಡ್ಡ ಜಂಕ್ಷನ್. ನಿಲ್ದಾಣಕ್ಕೆ ಸಿದ್ಧಾರೂಢರ ಹೆಸರು, ಒಂದೂವರೆ ಕಿಲೋಮೀಟರ್ ಉದ್ದದ ಪ್ಲಾಟ್‌ಫಾರ್ಮ್. ಎಲ್ಲೆಲ್ಲಿಂದಲೋ ರೈಲು ಹತ್ತಿ ದಿಕ್ಕುತಪ್ಪಿ ಇಲ್ಲಿ ಇಳಿದವರು ಇರುತ್ತಾರೆ. ಅವರನ್ನು ಕರೆತರುವ ಪೇದೆಗೂ ಕಾಗದವೇ ಬೇಕು, ತನ್ನ ಕೈ ಬಿಡಿಸಿಕೊಳ್ಳುವ ಕಾಗದ. 2017ರ ಕಾಯ್ದೆಯ 100ನೇ ಕಲಂ ಓದಿದ ಮೇಲೆ ಅವನ ಕೆಲಸ ನಮ್ಮ ಬಾಗಿಲಲ್ಲಿ ಮುಗಿಯುವುದಿಲ್ಲ ಎಂದು ಗೊತ್ತಾಗುತ್ತದೆ. ಅಲೆಯುವ ರೋಗಿಯನ್ನು ಲಾಕಪ್ಪಿನಲ್ಲಾಗಲಿ ಜೈಲಿನಲ್ಲಾಗಲಿ ಇಡುವಂತಿಲ್ಲ. 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ತೋರಿಸಬೇಕು. ಮನೆಯಿಲ್ಲದೆ ಅಲೆಯುತ್ತಿದ್ದವರಾದರೆ ಕಾಣೆಯಾದವರ ಎಫ್‌ಐಆರ್ ದಾಖಲಿಸಿ ಮನೆಯವರನ್ನು ಹುಡುಕುವುದು ಠಾಣಾಧಿಕಾರಿಯ ಕರ್ತವ್ಯ. ಹಳೆಯ ಕಾಯ್ದೆಯಂತೆ ಮೊದಲು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕಿತ್ತು. ಈಗ ವೈದ್ಯರು ಮೊದಲು. ಒಡಿಯಾ, ತೆಲುಗು, ಬಂಗಾಳಿ ಮಾತನಾಡುವವರು ಔಷಧ ಹಿಡಿದ ಮೇಲೆ ಒಂದು ದಿನ ಊರಿನ ಹೆಸರು ಹೇಳುತ್ತಾರೆ, ಆಗ ಆ ಎಫ್‌ಐಆರ್ ಇದ್ದರೆ ಮನೆ ಸಿಗುವುದು ಬೇಗ.

ಹಾವೇರಿ ಕಡೆಯಿಂದ ಬರುವ ರೈತ ಕುಟುಂಬಗಳು ಒಂದು ಕಾಗದ ಬೇಡವೆಂದು ಬೇಡಿಕೊಳ್ಳುತ್ತವೆ. ಸಾಲಕ್ಕೋ ಜಗಳಕ್ಕೋ ಬೆಳೆಗೆ ಹೊಡೆಯುವ ಎಣ್ಣೆ ಕುಡಿದವನನ್ನು ಉಳಿಸಿಕೊಂಡು ಬಂದಿರುತ್ತಾರೆ, "ಕೆಮ್ಮಿನ ಔಷಧವೆಂದು ತಪ್ಪಿ ಕುಡಿದ" ಎಂದು ಎಲ್ಲರೂ ಒಂದೇ ಮಾತು ಹೇಳುತ್ತಾರೆ. ಕೇಸಾಗುತ್ತದೆ ಎಂಬ ಹೆದರಿಕೆ. ಅದರಿಂದ ಆತನ ಮನಸ್ಸಿನಲ್ಲಿ ಏನಿತ್ತು ಎಂದು ಕೇಳುವ ಬಾಗಿಲೇ ಮುಚ್ಚಿಹೋಗುತ್ತದೆ. 2017ರ ಕಾಯ್ದೆಯ 115ನೇ ಕಲಂ, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಅವರ ಆರೈಕೆ ಸರ್ಕಾರದ ಹೊಣೆ ಎನ್ನುತ್ತದೆ. ಆತ್ಮಹತ್ಯೆಯ ಯತ್ನವನ್ನು ಅಪರಾಧ ಎನ್ನುತ್ತಿದ್ದ ದಂಡಸಂಹಿತೆಯ 309ನೇ ಕಲಂ 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಉಳಿದಿಲ್ಲ. ಸರ್ಕಾರಿ ನೌಕರರ ಕರ್ತವ್ಯಕ್ಕೆ ಒತ್ತಡ ತರಲು ಹಾಗೆ ಮಾಡಿದರೆ ಮಾತ್ರ ಈಗ ಅಪರಾಧ. ಆಸ್ಪತ್ರೆಯಲ್ಲಿ ಎಂಎಲ್‌ಸಿ (ಪೊಲೀಸರಿಗೆ ತಿಳಿಸುವ ವೈದ್ಯಕೀಯ-ಕಾನೂನು ದಾಖಲೆ) ಬರೆಯುವುದು ಬೇರೆ, ಮೊಕದ್ದಮೆ ಬೇರೆ ಎಂದು ನಾನು ಮನೆಯ ಹಿರಿಯರಿಗೆ ಕೂರಿಸಿ ಹೇಳುತ್ತೇನೆ. ಹೇಳಿ ಮುಗಿಸುವಷ್ಟರಲ್ಲಿ ರೋಗಿಯ ಮುಖದ ಬಿಗಿ ಸಡಿಲಾಗುವುದು ಕಾಣುತ್ತದೆ. ಹೋಗುವಾಗ 14416 ಎಂಬ ಟೆಲಿಮಾನಸ್ (ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ) ಸಂಖ್ಯೆಯನ್ನು ಮನೆಯ ಎರಡು ಮೊಬೈಲ್‌ಗಳಲ್ಲಾದರೂ ಉಳಿಸಿಕೊಟ್ಟೇ ಕಳಿಸುತ್ತೇನೆ. ಕರೆಗೆ ದುಡ್ಡಿಲ್ಲ, ಹಗಲು ರಾತ್ರಿ ಕನ್ನಡದಲ್ಲಿ ಮಾತನಾಡಬಹುದು.

ನಮ್ಮ ಭಾಗದ ವಕೀಲರಲ್ಲಿ ನನ್ನದೊಂದು ಕೋರಿಕೆ. ಕಕ್ಷಿದಾರರನ್ನು ಆಸ್ಪತ್ರೆಗೆ ಕಳಿಸುವಾಗ "ಬುದ್ಧಿಸ್ಥಿಮಿತದ ಬಗ್ಗೆ ಪ್ರಮಾಣಪತ್ರ ನೀಡುವುದು" ಎಂದು ಒಂದೇ ಸಾಲಿನ ಪತ್ರ ಕೊಡಬೇಡಿ. ಯಾವ ದಸ್ತಾವೇಜು, ಯಾವ ತಾರೀಖು, ಯಾವ ನಿರ್ಧಾರದ ಬಗ್ಗೆ ಅಭಿಪ್ರಾಯ ಬೇಕು, ಪ್ರಕರಣ ಯಾವ ನ್ಯಾಯಾಲಯದಲ್ಲಿದೆ ಎಂದು ಬರೆಯಿರಿ. ರೋಗಿಯ ಎದುರಾಳಿಯ ಪರ ನೀವಿದ್ದರೆ ನ್ಯಾಯಾಲಯದ ಆದೇಶ ತನ್ನಿ. ರೋಗಿಯ ಪರವಾಗಿದ್ದರೆ, ಮನೆಯವರ ಬದಲು ಅವರನ್ನೇ ಎದುರು ಕೂರಿಸಿಕೊಂಡು ಅರ್ಧ ಗಂಟೆ ಮಾತನಾಡಿ ಆಮೇಲೆ ಕಳಿಸಿ. ಆ ಪತ್ರ ಕೈಗೆ ಬಂದರೆ ವೈದ್ಯರು ಯಾವ ಪ್ರಶ್ನೆ ಕೇಳಬೇಕೆಂದು ಸ್ಪಷ್ಟವಾಗುತ್ತದೆ, ಕುಟುಂಬ ಮತ್ತೆ ಮತ್ತೆ ಬಸ್ ಚಾರ್ಜು ಹಾಕಿಕೊಂಡು ಬರುವುದೂ ತಪ್ಪುತ್ತದೆ.